ಕಿಣ್ವವೂ ರಾಸಾಗ್ನಿಯೂ ಒಂದೇನಾ?

ಬದಿಯಡ್ಕದ ಓದುಗರೊಬ್ಬರು ಬರೆದಿದ್ದಾರೆ: “ಮಗಳು ಕನ್ನಡ ಮೀಡಿಯಂ, ಹತ್ತನೇ ಕ್ಲಾಸು. ಪಾಠದಲ್ಲಿ ‘ಕಿಣ್ವ’ ಎಂದಿದೆ. ಪಕ್ಕದ ಮನೆಯ ಮಲಯಾಳಂ ಮೀಡಿಯಂ ಹುಡುಗ ‘ರಾಸಾಗ್ನಿ’ ಎನ್ನುತ್ತಾನೆ. ಎರಡೂ ಒಂದೇನಾ? ಕಿಣ್ವ ಅನ್ನುವುದು ಯಾರೋ ಸುಮ್ನೆ ಹುಟ್ಟಿಸಿದ ಪದವಾ?”

ಪ್ರಿಯ ಸೋದರಿ,

ಎರಡೂ ಒಂದೇ. ಇಂಗ್ಲಿಷಿನವರ ಎನ್‌ಜೈಮ್ ಕೂಡ ಅದೇ. ಮೈಯೊಳಗಿನ ರಾಸಾಯನಿಕ ಕೆಲಸಗಳನ್ನು ಬೇಗ ಮಾಡಿಸಿ, ತಾನು ಮಾತ್ರ ಖರ್ಚಾಗದೆ ಉಳಿಯುವ ವಸ್ತು ಅದು. ಒಂದು ತುತ್ತು ಕುಚ್ಚಿಲಕ್ಕಿ ಅನ್ನವನ್ನು, ಸಾರು ಕಲಸದೆ, ನಿಧಾನಕ್ಕೆ ಜಗಿಯಲು ಮಗಳಿಗೆ ಹೇಳಿ. ಸ್ವಲ್ಪ ಹೊತ್ತಿಗೆ ನಾಲಿಗೆಗೆ ಸಿಹಿ ಹತ್ತುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಅನ್ನದ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ, ಅದಕ್ಕೇ ಆ ಸಿಹಿ.

ಸುಮ್ನೆ ಹುಟ್ಟಿಸಿದ ಪದ ಖಂಡಿತ ಅಲ್ಲ. ಕಿಣ್ವ ಹಳೆಯ ಸಂಸ್ಕೃತ ಪದ. ಹೆಂಡ ಮಾಡುವಾಗ ಹುಳಿ ಬರಿಸಲು ಹಾಕುವ ಹುದುಗಿಗೆ ಆ ಹೆಸರಿತ್ತು. ಅದನ್ನು ತಯಾರಿಸುವ ಬಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದೆ: ಉದ್ದು, ಉದ್ದಿಗಿಂತ ಮೂರನೇ ಒಂದು ಪಾಲು ಜಾಸ್ತಿ ಅಕ್ಕಿ, ಜೊತೆಗೆ ಕೆಲವು ಗಿಡಮೂಲಿಕೆ. ಉದ್ದು, ಅಕ್ಕಿ! ರಾತ್ರಿ ನೀವು ಕಡೆದಿಟ್ಟ ದೋಸೆಹಿಟ್ಟು ಬೆಳಿಗ್ಗೆ ಮುಚ್ಚಳ ಎತ್ತಿಕೊಂಡು ನಿಂತಿರುತ್ತದೆ ಅಲ್ವಾ, ಅದರದ್ದೂ ಇದೇ ಸಾಮಾನು. ಇದನ್ನು ಮೊದಲು ಓದಿದಾಗ ನನಗೆ ಆದ ಖುಷಿ ಇನ್ನೂ ಇಳಿದಿಲ್ಲ.

ಎನ್‌ಜೈಮ್ ಎಂಬ ಹೆಸರಿಟ್ಟವರು ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ, 1870ರ ದಶಕದಲ್ಲಿ. ಅಲ್ಲಿಯವರೆಗೆ ಜೀವವಿರುವ ಯೀಸ್ಟಿಗೂ ಹೊಟ್ಟೆಯ ಪೆಪ್ಸಿನ್‌ನಂಥ ಜೀವವಿಲ್ಲದ ವಸ್ತುವಿಗೂ ‘ಫರ್ಮೆಂಟ್’ ಎಂದೇ ಹೇಳುತ್ತಿದ್ದರು. ಗೊಂದಲ ಆಗದೆ ಇರುತ್ತದಾ? ಕ್ಯೂನೆ ಎರಡನೆಯದಕ್ಕೆ ಗ್ರೀಕಿನಿಂದ ಹೊಸ ಹೆಸರು ತಂದರು. ‘ಎನ್’ ಎಂದರೆ ಒಳಗೆ, ‘ಜೈಮೆ’ ಎಂದರೆ ಹುದುಗು. ಮುಂದೆ 1897ರಲ್ಲಿ ಎಡುವರ್ಡ್ ಬುಕ್ನರ್ ಯೀಸ್ಟನ್ನು ಅರೆದು, ಹಿಂಡಿ, ಜೀವಕೋಶವಿಲ್ಲದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆ ಎಂದು ತೋರಿಸಿದರು. 1907ರ ನೊಬೆಲ್ ಅವರಿಗೆ ಬಂತು.

ನಮ್ಮ ಕಿಣ್ವದ ಬೇರೂ ಹುದುಗಿನಲ್ಲೇ ಇರುವುದರಿಂದ ಈ ಪದ ಆರಿಸಿದವರ ಬಗ್ಗೆ ನನಗೆ ಬಹಳ ಗೌರವ. ಹಾಗಂತ ರಾಸಾಗ್ನಿ ಕಡಿಮೆಯದ್ದಲ್ಲ. ಫರ್ಮೆಂಟ್ ಎಂಬುದರ ಲ್ಯಾಟಿನ್ ಮೂಲಕ್ಕೆ ‘ಕುದಿ’ ಎಂಬ ಅರ್ಥವಿದೆ. ಮರದಿಂದ ಇಳಿಸಿದ ಕಳ್ಳು ಒಲೆಯಿಲ್ಲದೆ ಬುರುಬುರು ನೊರೆಯೇಳುವುದನ್ನು ನೋಡಿದವರಿಗೆ ಅಲ್ಲಿ ‘ಅಗ್ನಿ’ ಯಾಕೆ ಬಂತೆಂದು ಕೇಳಬೇಕಾಗಿಲ್ಲ.

ಪರೀಕ್ಷೆಯಲ್ಲಿ ಮಗಳು ಪುಸ್ತಕದಲ್ಲಿರುವಂತೆ ಕಿಣ್ವ ಎಂದೇ ಬರೆಯಲಿ. ‘ಕಿನ್ವ’ ಅಲ್ಲ, ಣಕಾರಕ್ಕೆ ವ ಒತ್ತು.