ಕೋಬ್ರಾ ಕಿಟ್ ಕಾರಿಗೆ ಫೋರ್ಡ್ ಬಿಟ್ಟು ಷೆವರ್ಲೆ ಎಂಜಿನ್ ಯಾಕೆ ಹಾಕುತ್ತಾರೆ?

ಕೋಬ್ರಾ ಕಿಟ್ ಕಾರು ಎಂದರೆ 1960ರ ದಶಕದ ಕೋಬ್ರಾ ಸ್ಪೋರ್ಟ್ಸ್ ಕಾರಿನ ನಕಲು, ಬಿಡಿಭಾಗಗಳನ್ನು ತಂದು ಜೋಡಿಸಿಕೊಳ್ಳುವಂಥದ್ದು. ಷೆವರ್ಲೆ ಎಂಜಿನ್ ಹಾಕಲು ಮುಖ್ಯವಾಗಿ ಎರಡು ಕಾರಣ: ಷೆವರ್ಲೆಯ ಎಲ್‌ಎಸ್ ಎಂಜಿನ್ ಶಕ್ತಿಗೆ ಹೋಲಿಸಿದರೆ ಗಾತ್ರದಲ್ಲಿ ಚಿಕ್ಕದು, ಮತ್ತು ಅಮೆರಿಕದಲ್ಲಿ ಸುಲಭವಾಗಿ ಸಿಗುತ್ತದೆ.

ಚಿಕ್ಕದು ಹೇಗೆ? ಎಂಜಿನ್‌ನ ವಾಲ್ವ್‌ಗಳನ್ನು ತೆರೆಯುವ ಶಾಫ್ಟಿಗೆ ಕ್ಯಾಮ್‌ಶಾಫ್ಟ್ ಎನ್ನುತ್ತಾರೆ. ಎಲ್‌ಎಸ್‌ನಲ್ಲಿ ಅದು ಒಂದೇ, ಅದೂ ಎಂಜಿನ್ ಬ್ಲಾಕಿನ ಒಳಗೆ. ಅಲ್ಲಿಂದ ಉದ್ದನೆಯ ಕಡ್ಡಿಗಳು ಮೇಲಿನ ವಾಲ್ವ್‌ಗಳನ್ನು ತಳ್ಳುತ್ತವೆ. ಫೋರ್ಡ್‌ನ ಈಗಿನ 5.0 ಲೀಟರ್ ಕೊಯೋಟಿಯಲ್ಲಿ ನಾಲ್ಕು ಕ್ಯಾಮ್‌ಶಾಫ್ಟ್‌ಗಳು, ಎಲ್ಲವೂ ಎಂಜಿನ್‌ನ ತಲೆಯ ಮೇಲೆ. ಹಾಗಾಗಿ ತಲೆಭಾಗ ಅಗಲವಾಗುತ್ತದೆ. ಕೋಬ್ರಾದ ಬಾನೆಟ್ ಕೆಳಗೆ ಮೊದಲೇ ಜಾಗ ಕಡಿಮೆ. ಎಕ್ಸಾಸ್ಟ್ ಪೈಪು, ಸ್ಟೀರಿಂಗ್ ಶಾಫ್ಟು ಎಲ್ಲ ಅಲ್ಲೇ ನುಸುಳಬೇಕು.

ಇನ್ನು ಸಿಗುವುದು. ಈ ಎಂಜಿನ್ ಷೆವರ್ಲೆಯ ಸ್ಪೋರ್ಟ್ಸ್ ಕಾರಾದ ಕಾರ್ವೆಟ್‌ನ 1997ರ ಮಾದರಿಯಲ್ಲಿ 5.7 ಲೀಟರ್ ಅಲ್ಯೂಮಿನಿಯಂ ರೂಪದಲ್ಲಿ ಬಂತು. ಆಮೇಲೆ ಇದರ ಒಡಹುಟ್ಟುಗಳು ಪಿಕಪ್ ಟ್ರಕ್ಕುಗಳಿಗೂ ಹೋದವು. ಗುಜರಿಯಲ್ಲಿ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಆದರೆ ಟ್ರಕ್ಕಿನದು ಹೆಚ್ಚಾಗಿ ಕಬ್ಬಿಣದ ಬ್ಲಾಕು, ತೂಕ ಜಾಸ್ತಿ.

ಕೋಬ್ರಾ ಅಭಿಮಾನಿಗಳಿಗೆ ಮಾತ್ರ ಇದು ಹಿಡಿಸುವುದಿಲ್ಲ. 1962ರಲ್ಲಿ ಅಮೆರಿಕದ ರೇಸ್ ಚಾಲಕ ಕ್ಯಾರೊಲ್ ಶೆಲ್ಬಿ ಬ್ರಿಟನ್ನಿನ ಎಸಿ ಎಂಬ ಕಂಪನಿಯ ಕಾರಿಗೆ ಹಾಕಿ ಮೊದಲ ಕೋಬ್ರಾ ಮಾಡಿದ್ದು ಫೋರ್ಡ್‌ನ ಎಂಟು ಸಿಲಿಂಡರಿನ ವಿ8 ಎಂಜಿನ್ ಅಲ್ವಾ! ಅವರ ಕೋಬ್ರಾಗಳು ಟ್ರ್ಯಾಕಿನಲ್ಲಿ ಸೋಲಿಸಿದ್ದು ಕಾರ್ವೆಟ್‌ಗಳನ್ನೇ. ಮುಂದೆ ಕಾರು ಮಾರುವ ಯೋಚನೆ ಇದ್ದರೆ ಫೋರ್ಡ್‌ನ ಹಳೆಯ 302 ಎಂಜಿನ್ನೇ ವಾಸಿ. ಅದರಲ್ಲೂ ಕ್ಯಾಮ್‌ಶಾಫ್ಟ್ ಬ್ಲಾಕಿನ ಒಳಗೇ ಇದೆ, ಅಗಲದ ತಾಪತ್ರಯ ಇಲ್ಲ.