ಮನೆಯ ಕಂಪ್ಯೂಟರಿಗೆ ಯಾವ ಡಿಸ್ಕ್ ಹಾಕಿಸಬೇಕು?

ಪ್ರಶ್ನೆ: ಮಾನ್ಯರೇ, ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ತೋಟದ ನಡುವೆ ಇದೆ. 2014ರಲ್ಲಿ ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಕೂಲಿಯವರ ಲೆಕ್ಕ, ಕಾಫಿ ಮತ್ತು ಕರಿಮೆಣಸಿನ ಮಾರಾಟದ ವಿವರ, ಮಕ್ಕಳ ಓದಿನ ಕಡತಗಳು, ಮನೆಯ ಹುತ್ತರಿ ಹಬ್ಬ ಹಾಗೂ ಮದುವೆಗಳ ಫೋಟೊಗಳು ಇವೆ. ಈಗ ಅದನ್ನು ಆನ್ ಮಾಡಿ ಒಂದು ಲೋಟ ಕಾಫಿ ಕುಡಿದು ಮುಗಿಸಿದರೂ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. 500 ಜಿಬಿಯ ಡಿಸ್ಕ್ ಕೂಡ ತುಂಬುತ್ತ ಬಂದಿದೆ. ಒಬ್ಬ ಅಂಗಡಿಯವರು 2 ಟಿಬಿ ಹಾರ್ಡ್ ಡಿಸ್ಕ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಎಸ್‌ಎಸ್‌ಡಿ ಎನ್ನುತ್ತಾರೆ, ಮೂರನೆಯವರು ಕಂಪ್ಯೂಟರನ್ನೇ ಬದಲಿಸಿ ಎನ್ನುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ದಿನಕ್ಕೆ ಹಲವು ಸಲ ಕರೆಂಟು ಹೋಗುತ್ತದೆ. ಏನು ಮಾಡಬೇಕು?
— ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ನಿಮ್ಮ ಡಿಸ್ಕ್ ಈಗ ಎರಡು ಕೆಲಸಗಳನ್ನು ಒಟ್ಟಿಗೆ ಹೊತ್ತಿದೆ. ಒಂದು, ಕಂಪ್ಯೂಟರನ್ನು ನಡೆಸುವುದು. ಇನ್ನೊಂದು, ನಿಮ್ಮ ಕಡತಗಳನ್ನು ಕಾಪಾಡುವುದು. ಈ ಎರಡಕ್ಕೂ ಬೇಕಾದ ಗುಣಗಳು ಬೇರೆ ಬೇರೆ. ಆದ್ದರಿಂದ ನಡೆಸಲು ಒಂದು ಸಣ್ಣ ಎಸ್‌ಎಸ್‌ಡಿ, ಕೂಡಿಡಲು ಒಂದು ದೊಡ್ಡ ಹಾರ್ಡ್ ಡಿಸ್ಕ್ ಎಂದು ಕೆಲಸವನ್ನು ಹಂಚಿಬಿಡುವುದೇ ನಿಮ್ಮ ಮನೆಗೆ ಸರಿಯಾದ ದಾರಿ.

ನಿಧಾನವಾಗಲು ಕಾರಣವೇನೆಂದು ಮೊದಲು ನೋಡೋಣ. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿದ್ದು, ಅವುಗಳ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ಒಂದು ಹೆಡ್ ತೇಲುತ್ತ, ಬೇಕಾದ ಜಾಗಕ್ಕೆ ಸರಿದು ಓದುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ ಸೆಕೆಂಡಿನ 120ನೇ ಒಂದು ಭಾಗವನ್ನು ತೆಗೆದುಕೊಳ್ಳುತ್ತದೆ. ಕೇಳಲು ಇದು ಅತ್ಯಲ್ಪವೆನಿಸಬಹುದು. ಆದರೆ ಕಂಪ್ಯೂಟರ್ ಆನ್ ಆಗುವಾಗ ತಟ್ಟೆಯ ಮೂಲೆ ಮೂಲೆಗಳಲ್ಲಿ ಚದುರಿರುವ ಸಾವಿರಾರು ಸಣ್ಣ ಕಡತಗಳನ್ನು ಹುಡುಕಬೇಕಾಗುವುದರಿಂದ, ಪ್ರತಿಯೊಂದಕ್ಕೂ ಹೆಡ್ ಸರಿದು, ತಟ್ಟೆ ತಿರುಗಿ ಬರುವವರೆಗೆ ಕಾಯುವ ಹೊತ್ತೆಲ್ಲ ಕೂಡಿ ನಿಮ್ಮ ಒಂದು ಲೋಟ ಕಾಫಿಯಷ್ಟಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲವೂ ಚಿಪ್ಪುಗಳಲ್ಲಿರುತ್ತದೆ. ಹೀಗಾಗಿ ಹಳೆಯ ಕಂಪ್ಯೂಟರಿಗೆ ಬೇರೆ ಯಾವ ಬಿಡಿಭಾಗ ಹಾಕಿಸಿದರೂ ಕಾಣದಷ್ಟು ವ್ಯತ್ಯಾಸ ಇದೊಂದರಿಂದ ಕಾಣುತ್ತದೆ.

ನಿಮಗೆ 500 ಜಿಬಿಯ, 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು. ಅಂಗಡಿಯಲ್ಲಿ ಇದಕ್ಕಿಂತ ಹಲವು ಪಟ್ಟು ವೇಗದ ಎನ್‌ವಿಎಂಇ ಎಂಬ, ಚೂಯಿಂಗ್ ಗಮ್ ಪಟ್ಟಿಯಂಥ ಬಗೆಯನ್ನು ತೋರಿಸಬಹುದು. ಆದರೆ 2014ರ ಮದರ್‌ಬೋರ್ಡುಗಳಲ್ಲಿ ಅದಕ್ಕೆ ಬೇಕಾದ ಎಂ.2 ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೂ ಅದರಿಂದ ಕಂಪ್ಯೂಟರ್ ಆರಂಭವಾಗುತ್ತದೆಂಬ ಖಾತರಿಯಿಲ್ಲ. ಸಾಟಾ ಬಗೆಯದಾದರೆ ನಿಮ್ಮ ಈಗಿನ ಹಾರ್ಡ್ ಡಿಸ್ಕಿನಂಥದೇ ಕೇಬಲ್ಲಿಗೆ ಕೂರುತ್ತದೆ. ಕೂಡಿಡಲು 3.5 ಇಂಚಿನ 2 ಟಿಬಿ ಹಾರ್ಡ್ ಡಿಸ್ಕನ್ನು ಅದೇ ಡಬ್ಬಿಯೊಳಗೆ ಹಾಕಿಸಿ. ಒಂದು ಫೋಟೊಗೆ 4 ಎಂಬಿ ಎಂದು ಹಿಡಿದರೆ 2 ಟಿಬಿಯಲ್ಲಿ 5 ಲಕ್ಷ ಫೋಟೊಗಳು ಹಿಡಿಯುತ್ತವೆ. ವಿಡಿಯೊಗಳು ಹೆಚ್ಚಿದ್ದರೆ ಮಾತ್ರ 4 ಟಿಬಿಯ ಯೋಚನೆ ಮಾಡಿ.

ಹಾರ್ಡ್ ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್, ಸಿಎಂಆರ್ ಎಂಬ ಎರಡು ಮಾತುಗಳು ಕಿವಿಗೆ ಬೀಳಬಹುದು. ಎಸ್‌ಎಂಆರ್ ಬಗೆಯಲ್ಲಿ ದತ್ತಾಂಶದ ಪಟ್ಟಿಗಳನ್ನು ನಮ್ಮ ಮನೆಗಳ ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಬರೆದಿರುತ್ತಾರೆ. ನಡುವಿನ ಒಂದು ಹೆಂಚು ಬದಲಿಸಲು ಸುತ್ತಲಿನವನ್ನೂ ಎತ್ತಿಡಬೇಕಾಗುವಂತೆ, ಅದರಲ್ಲಿ ಹಳೆಯದನ್ನು ತಿದ್ದಿ ಬರೆಯುವುದು ನಿಧಾನ. ಫೋಟೊಗಳನ್ನು ಒಮ್ಮೆ ಹಾಕಿ ಇಟ್ಟುಕೊಳ್ಳುವವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಆದರೂ ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ, ಪಟ್ಟಿಗಳು ಹೀಗೆ ಒಂದರ ಮೇಲೊಂದು ಬರದ ಸಿಎಂಆರ್ ಬಗೆಯನ್ನು ಆರಿಸಿಕೊಳ್ಳಿ.

ಇನ್ನು ಕಂಪ್ಯೂಟರನ್ನೇ ಬದಲಿಸಿ ಎಂದವರ ಮಾತಿನಲ್ಲೂ ಒಂದು ನಿಜವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ನಿಮ್ಮ ಯಂತ್ರದಷ್ಟು ಹಳೆಯದನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗೆಂದು ಈಗಲೇ ಅವಸರಪಡಬೇಕಿಲ್ಲ. ಇಂದು ಕೊಂಡ ಎರಡೂ ಡಿಸ್ಕುಗಳನ್ನು ನಾಳೆಯ ಹೊಸ ಡೆಸ್ಕ್‌ಟಾಪಿಗೆ ಬಿಚ್ಚಿ ಹಾಕಿಕೊಳ್ಳಬಹುದಾದ್ದರಿಂದ ಹಣ ವ್ಯರ್ಥವಾಗುವುದಿಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ ಸುಮ್ಮನೆ ಸೇರಿಸಿದಂತಿರುವ ಕರೆಂಟಿನ ವಿಷಯವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕೊಡಗಿನಲ್ಲಿ ಡಿಸ್ಕುಗಳ ಆಯಸ್ಸನ್ನು ಕಂಪನಿಯ ಹೆಸರಿಗಿಂತ ಹೆಚ್ಚಾಗಿ ಕರೆಂಟು ಮತ್ತು ಥಂಡಿ ನಿರ್ಧರಿಸುತ್ತವೆ. ಏನಾದರೂ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಹಾರ್ಡ್ ಡಿಸ್ಕಿನಲ್ಲೂ ಎಸ್‌ಎಸ್‌ಡಿಯಲ್ಲೂ ಕಡತ ಅರ್ಧಕ್ಕೆ ನಿಂತು ಕೆಡಬಹುದು. ಜನರೇಟರ್ ಇದ್ದರೂ ಅದು ಶುರುವಾಗುವ ಮುನ್ನಿನ ಆ ಕೆಲವು ಸೆಕೆಂಡುಗಳನ್ನು ತುಂಬಲು ಯುಪಿಎಸ್ ಬೇಕೇ ಬೇಕು. ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದ ಕೂಡಲೇ ಪ್ಲಗ್ಗನ್ನಷ್ಟೇ ಅಲ್ಲ, ಟೆಲಿಫೋನ್ ತಂತಿಯಿಂದ ಬರುವ ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲು ಆ ದಾರಿಯಲ್ಲೂ ಒಳಗೆ ಬರುತ್ತದೆ.

ಥಂಡಿಯನ್ನು ನಾನು ಹತ್ತಿರದಿಂದ ಕಂಡದ್ದು ನಾಪೋಕ್ಲು ಕಡೆಯ ನೆಂಟರ ಮನೆಯಲ್ಲಿ. ಫೋಟೊಗಳಿದ್ದ ಹೊರ ಹಾರ್ಡ್ ಡಿಸ್ಕನ್ನು ಜೂನ್ ತಿಂಗಳಲ್ಲಿ ಬಟ್ಟೆಯ ಚೀಲದೊಳಗೆ ಹಾಕಿ ಮರದ ಬೀರುವಿನಲ್ಲಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ತೆಗೆದಾಗ ಚೀಲದ ಮೇಲೆ ಬಿಳಿಯ ಬೂಷ್ಟು ಕಟ್ಟಿತ್ತು, ಕೇಬಲ್ ಸಿಕ್ಕಿಸುವ ತುದಿಯಲ್ಲಿ ಹಿತ್ತಾಳೆ ಪಾತ್ರೆಗೆ ಹಿಡಿಯುವಂಥ ಹಸಿರು ಕಿಲುಬು ಕಾಣುತ್ತಿತ್ತು. ಕಂಪ್ಯೂಟರ್ ಅದನ್ನು ಗುರುತಿಸಲೇ ಇಲ್ಲ. ಆ ಚೀಲವನ್ನು ಕೈಯಲ್ಲಿ ಹಿಡಿದು ಕುಳಿತಿದ್ದ ಹಿರಿಯರ ಮುಖ ನನಗೆ ಇಂದಿಗೂ ನೆನಪಿದೆ, ಏಕೆಂದರೆ ಅವರ ತಾಯಿಯ ಕೊನೆಯ ವರ್ಷದ ಫೋಟೊಗಳಿಗೆ ಬೇರೆ ಪ್ರತಿಯೇ ಇರಲಿಲ್ಲ.

ಆದ್ದರಿಂದ ಮೂರನೆಯದಾಗಿ ಯುಎಸ್‌ಬಿಯ ಒಂದು ಹೊರ ಹಾರ್ಡ್ ಡಿಸ್ಕನ್ನೂ ಕೊಳ್ಳಿ ಎಂದು ಒತ್ತಾಯಿಸುತ್ತೇನೆ. ತಿಂಗಳಿಗೊಮ್ಮೆ ಲೆಕ್ಕ ಮತ್ತು ಫೋಟೊಗಳನ್ನು ಅದಕ್ಕೆ ನಕಲು ಮಾಡಿ ಕೂಡಲೇ ಕಳಚಿ. ಸಿಕ್ಕಿಸಿಯೇ ಬಿಟ್ಟರೆ ಒಂದೇ ಸಿಡಿಲಿಗೆ ಎರಡೂ ಹೋಗುತ್ತವೆ. ಕಳಚಿದ್ದನ್ನು ಗಾಳಿಯಾಡದ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ, ಮಳೆಗಾಲದ ನಡುವೆ ಒಮ್ಮೆ ಪೊಟ್ಟಣಗಳನ್ನು ಬದಲಿಸಿ. ಈ ಕೆಲಸಕ್ಕೆ ಎಸ್‌ಎಸ್‌ಡಿ ಬೇಡ, ಏಕೆಂದರೆ ಬಹುಕಾಲ ಕರೆಂಟು ಕಾಣದೆ ಮೂಲೆಯಲ್ಲಿ ಬಿದ್ದಿದ್ದರೆ ಅದರ ಚಿಪ್ಪುಗಳಲ್ಲಿನ ವಿದ್ಯುದಂಶ ಸೋರಿ ಕಡತಗಳು ಕೆಡುವ ಸಾಧ್ಯತೆಯಿದೆ. 2018ರ ಆಗಸ್ಟಿನ ಭೂಕುಸಿತಗಳಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಕುಟುಂಬಗಳು ಮನೆಯನ್ನೇ ಕಳೆದುಕೊಂಡವು. ಅದನ್ನು ಕಂಡ ಮೇಲೆ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳ ಮನೆಯಲ್ಲಿ ಇನ್ನೊಂದು ಪ್ರತಿ ಇರಲಿ ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ಪ್ರಶ್ನೆ: 1 ಟಿಬಿ ಎಂದು ಕೊಂಡ ಹೊಸ ಹಾರ್ಡ್ ಡಿಸ್ಕ್ ಕಂಪ್ಯೂಟರಿನಲ್ಲಿ 931 ಜಿಬಿ ಎಂದು ತೋರಿಸುತ್ತಿದೆ. ಮೋಸವಾಗಿದೆಯೇ?
— ಓದುಗರು, ಸೋಮವಾರಪೇಟೆ

ಉತ್ತರ: ಇಲ್ಲ. ತಯಾರಕರು 1 ಟಿಬಿಯನ್ನು ಒಂದು ಲಕ್ಷ ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ ಅದನ್ನೇ 1024ರ ಲೆಕ್ಕದಲ್ಲಿ ಭಾಗಿಸಿ ತೋರಿಸುತ್ತದೆ. ಆದರೆ ಮೋಸ ಬೇರೆ ಕಡೆಯಿಂದ ಬರಬಹುದು. ಸಿಸಿಟಿವಿ ಯಂತ್ರಗಳಲ್ಲಿ ವರ್ಷಗಟ್ಟಲೆ ಹಗಲು ರಾತ್ರಿ ತಿರುಗಿದ ಡಿಸ್ಕುಗಳನ್ನು ಒರೆಸಿ, ಹೊಸದೆಂದು ಅಗ್ಗಕ್ಕೆ ಮಾರುವುದುಂಟು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಡಿಸ್ಕ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬ ಸಾಲನ್ನು ನೋಡಿ. ಹೊಸದಾದರೆ ಅಲ್ಲಿ ಸೊನ್ನೆಯೋ ಒಂದೆರಡು ಗಂಟೆಯೋ ಇರಬೇಕು, ಸಾವಿರಗಳಲ್ಲಿದ್ದರೆ ಬಿಲ್ಲಿನೊಂದಿಗೆ ಹಿಂದಿರುಗಿಸಿ. ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದನ್ನು ಯಾವಾಗಲೂ ಮರೆಯಬೇಡಿ.

ಪ್ರಶ್ನೆ: ನಮ್ಮ ಹಳೆಯ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದೆ. ಮಗಳ ಮದುವೆಯ ಫೋಟೊಗಳು ಅದರಲ್ಲಿ ಮಾತ್ರ ಇವೆ. ಫ್ರೀಜರಿನಲ್ಲಿಟ್ಟು ತೆಗೆದರೆ ಓದುತ್ತದೆ ಎಂದು ಒಬ್ಬರು ಹೇಳಿದರು.
— ಓದುಗರು, ವಿರಾಜಪೇಟೆ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಫ್ರೀಜರಿನಿಂದ ತೆಗೆದ ಡಿಸ್ಕಿನ ಮೇಲೂ ಒಳಗೂ ನಮ್ಮ ಊರಿನ ತೇವದ ಗಾಳಿ ಹನಿಗಟ್ಟುತ್ತದೆ, ಆ ಹನಿಯ ಮೇಲೆ ಹೆಡ್ ಓಡಿದರೆ ಉಳಿದದ್ದೂ ಹೋಗುತ್ತದೆ. ಆ ಸದ್ದು ಹೆಡ್ ತನ್ನ ಜಾಗವನ್ನು ಕಂಡುಕೊಳ್ಳಲಾಗದೆ ಮತ್ತೆ ಮತ್ತೆ ಹಿಂದಿರುಗುತ್ತಿರುವ ಗುರುತು. ಕಂಪ್ಯೂಟರನ್ನು ಈಗಲೇ ಆಫ್ ಮಾಡಿಸಿ, ಮತ್ತೊಮ್ಮೆ ಆನ್ ಮಾಡಿ ನೋಡುವ ಆಸೆಯನ್ನು ತಡೆದುಕೊಳ್ಳಿ, ಸ್ಕ್ರೂ ಬಿಚ್ಚಿ ಮುಚ್ಚಳ ತೆರೆಯಲು ಯಾರಿಗೂ ಬಿಡಬೇಡಿ. ಕಡತಗಳನ್ನು ಹೊರತೆಗೆಯುವುದನ್ನೇ ವೃತ್ತಿಯಾಗಿಸಿಕೊಂಡವರು ಬೆಂಗಳೂರಿನಲ್ಲಿದ್ದಾರೆ. ಖರ್ಚು ಹೊಸ ಡಿಸ್ಕಿನ ಬೆಲೆಗಿಂತ ಎಷ್ಟೋ ಹೆಚ್ಚಾಗುತ್ತದೆ, ಆದ್ದರಿಂದ ಮೊದಲು ಪರೀಕ್ಷೆ ಮಾಡಿಸಿ, ಎಷ್ಟಾಗುತ್ತದೆಂದು ಲಿಖಿತವಾಗಿ ಪಡೆದು ನಂತರ ಒಪ್ಪಿಕೊಳ್ಳಿ. ಅಲ್ಲಿಗೆ ಕಳಿಸುವ ಮುನ್ನ ಮದುವೆಗೆ ಬಂದಿದ್ದ ನೆಂಟರನ್ನೂ ಫೋಟೊ ತೆಗೆದ ಸ್ಟುಡಿಯೋದವರನ್ನೂ ಒಮ್ಮೆ ಕೇಳಿ ನೋಡಿ. ಅವರಲ್ಲಿ ಒಬ್ಬರ ಬಳಿಯಾದರೂ ಪ್ರತಿಗಳು ಉಳಿದಿರಬಹುದು.