ಕೀಟಗಳಿಗೂ ಅಡ್ರಿನಲಿನ್ ಇದೆಯೇ?

ಪ್ರಶ್ನೆ: ಜಿರಳೆಯ ಮೇಲೆ ಕೈಯೆತ್ತುವಷ್ಟರಲ್ಲಿ ಅದು ಓಡಿ ಮರೆಯಾಗಿರುತ್ತದೆ. ಅಪಾಯ ಎದುರಾದಾಗ ನಮ್ಮ ದೇಹದಲ್ಲಿ ಅಡ್ರಿನಲಿನ್ ಸ್ರವಿಸುವಂತೆ ಕೀಟಗಳಲ್ಲೂ ಏನಾದರೂ ಸ್ರವಿಸುತ್ತದೆಯೇ? ಅವೂ ಭಯಪಡುತ್ತವೆಯೇ?

ಉತ್ತರ: ಸ್ರವಿಸುತ್ತದೆ. ಆದರೆ ಜಿರಳೆಯ ಆ ಮೊದಲ ಓಟಕ್ಕೆ ಅದು ಕಾರಣವಲ್ಲ. ಜಿರಳೆಯ ಹಿಂತುದಿಯಲ್ಲಿ ಚಾಚಿಕೊಂಡಿರುವ ಎರಡು ಚಿಕ್ಕ ಅಂಗಗಳ ಮೇಲೆ ನವಿರಾದ ರೋಮಗಳಿದ್ದು, ಅವು ಗಾಳಿಯ ಅಲುಗಾಟವನ್ನು ಗ್ರಹಿಸಿದೊಡನೆ ದಪ್ಪನೆಯ ನರತಂತುಗಳು ಆ ಸುದ್ದಿಯನ್ನು ಕಾಲುಗಳತ್ತ ಸಾಗಿಸುತ್ತವೆ. ಓಟ ಶುರುವಾಗಲು ಸೆಕೆಂಡಿನ ಹತ್ತನೆಯ ಒಂದು ಭಾಗವೂ ಬೇಕಿಲ್ಲ. ಯಾವುದೇ ಹಾರ್ಮೋನು ರಕ್ತದಲ್ಲಿ ಬೆರೆತು ದೇಹವಿಡೀ ಹರಡಲು ಅಷ್ಟು ಸಮಯ ಸಾಲದು. ರಸಾಯನದ ಕೆಲಸವೇನಿದ್ದರೂ ಆಮೇಲಿನದು.

ಆ ರಸಾಯನಗಳಲ್ಲಿ ಮುಖ್ಯವಾದದ್ದು ಆಕ್ಟೊಪಮೀನ್. ಇಟಲಿಯ ವಿಜ್ಞಾನಿ ವಿಟ್ಟೋರಿಯೊ ಎರ್ಸ್ಪಾಮರ್ ಇದನ್ನು ಮೊದಲು ಕಂಡದ್ದು ಕೀಟದಲ್ಲಲ್ಲ, ಆಕ್ಟೋಪಸ್ಸಿನ ಜೊಲ್ಲುಗ್ರಂಥಿಯಲ್ಲಿ. ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ನಮ್ಮ ದೇಹ ಡೋಪಮೀನಿನ ದಾರಿಯಾಗಿ ಅಡ್ರಿನಲಿನ್ನಿನ ಹತ್ತಿರದ ಬಂಧುವಾದ ನಾರ್‌ಅಡ್ರಿನಲಿನ್ ತಯಾರಿಸಿದರೆ, ಕೀಟ ಅದೇ ಟೈರೋಸಿನ್‌ನಿಂದ ಟೈರಮೀನಿನ ದಾರಿಯಾಗಿ ಆಕ್ಟೊಪಮೀನ್ ತಯಾರಿಸುತ್ತದೆ. ಎರಡು ಅಣುಗಳಿಗೂ ಇರುವ ವ್ಯತ್ಯಾಸ ಒಂದೇ ಒಂದು ಹೈಡ್ರಾಕ್ಸಿಲ್ ಗುಂಪಿನದು, ಅಂದರೆ ಒಂದು ಆಮ್ಲಜನಕ ಮತ್ತು ಒಂದು ಜಲಜನಕದ ಜೋಡಿಯದು.

ಇದರ ಕಾರ್ಯವನ್ನು ಚೆನ್ನಾಗಿ ಅಭ್ಯಾಸ ಮಾಡಿರುವುದು ಮಿಡತೆಯಲ್ಲಿ. ಮಿಡತೆಯ ನರಗ್ರಂಥಿಗಳ ನಡುಗೆರೆಯಲ್ಲಿರುವ ಕೆಲವೇ ನರಕೋಶಗಳು ಎಡಬಲ ಎರಡೂ ಕಡೆಯ ಸ್ನಾಯುಗಳಿಗೆ ಕವಲೊಡೆದು ಅಲ್ಲಿ ಆಕ್ಟೊಪಮೀನನ್ನು ಬಿಡುಗಡೆ ಮಾಡುತ್ತವೆ. ಅದರಿಂದ ನೆಗೆಯುವ ಕಾಲಿನ ಸ್ನಾಯು ಹೆಚ್ಚು ಬಲವಾಗಿ ಸೆಟೆಯುವುದಷ್ಟೇ ಅಲ್ಲದೆ ಬೇಗನೆ ಸಡಿಲಗೊಂಡು ಮುಂದಿನ ನೆಗೆತಕ್ಕೆ ಅಣಿಯಾಗುತ್ತದೆ. ಮಿಡತೆ ಹಾರತೊಡಗಿದ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿಯೂ ಆಕ್ಟೊಪಮೀನ್ ಏರುತ್ತದೆ. ಹಾರಾಟ ಮುಂದುವರಿದಂತೆ ಮಿದುಳಿನ ಹಿಂಬದಿಯ ಗ್ರಂಥಿಯಿಂದ ಅಡಿಪೋಕೈನೆಟಿಕ್ ಹಾರ್ಮೋನ್ ಹೊರಬಂದು, ದೇಹದಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿ ಇಂಧನವಾಗಿ ಒದಗಿಸುತ್ತದೆ.

ಈ ಏರ್ಪಾಡಿಗೆ ತೆರಬೇಕಾದ ಬೆಲೆಯೂ ಇದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಹೆಚ್ಚು ಕುತೂಹಲಕರವಾದ ಅಂಶ ಅದೇ. ರಕ್ತದಲ್ಲಿ ಕೊಬ್ಬನ್ನು ಹೊತ್ತೊಯ್ಯಲು ನೆರವಾಗುವ ಅಪೊಲಿಪೊಫೊರಿನ್-3 ಎಂಬ ಪ್ರೋಟೀನು ರೋಗಾಣುಗಳನ್ನು ಗುರುತಿಸುವ ಕೆಲಸದಲ್ಲಿಯೂ ಪಾಲುಗೊಳ್ಳುತ್ತದೆ. ಅದು ಕೊಬ್ಬಿನ ಸಾಗಣೆಯಲ್ಲಿ ತೊಡಗಿದಾಗ ಕಾವಲಿಗೆ ಉಳಿಯುವ ಪಾಲು ಕಡಿಮೆಯಾಗುತ್ತದೆ. ಆದ್ದರಿಂದಲೇ ದಣಿಯುವಂತೆ ಹಾರಿಸಿದ ಚಿಮ್ಮಂಡೆಗಳು ಸ್ವಲ್ಪ ಹೊತ್ತಿನ ಮಟ್ಟಿಗೆ ಸೋಂಕಿಗೆ ಸುಲಭವಾಗಿ ತುತ್ತಾಗುತ್ತವೆ.

ಇನ್ನು ಭಯದ ಮಾತು. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜೇನುನೊಣಗಳಿಗೆ ಒಂದು ವಾಸನೆಯ ಜೊತೆ ಸಿಹಿಯನ್ನೂ ಮತ್ತೊಂದರ ಜೊತೆ ಕಹಿಯನ್ನೂ ಕೊಟ್ಟು ಕಲಿಸಿ, ಅವುಗಳಲ್ಲಿ ಕೆಲವನ್ನು ಒಂದು ನಿಮಿಷ ಜೋರಾಗಿ ಅಲುಗಾಡಿಸಿದರು. ಅನಂತರ ಇತ್ತ ಅದೂ ಅಲ್ಲದ, ಅತ್ತ ಇದೂ ಅಲ್ಲದ ಬೆರಕೆ ವಾಸನೆಯನ್ನು ಒಡ್ಡಿದಾಗ, ಅಲುಗಾಡಿಸಿದ ನೊಣಗಳು ಕಹಿಯೇ ಬರಬಹುದೆಂಬಂತೆ ನಾಲಗೆ ಚಾಚಲು ಹಿಂಜರಿದವು. ವಿಚಿತ್ರವೆಂದರೆ ಅವುಗಳ ರಕ್ತದಲ್ಲಿ ಆಕ್ಟೊಪಮೀನ್, ಡೋಪಮೀನ್, ಸೆರೊಟೋನಿನ್ ಎಂಬ ಮೂರೂ ನರರಸಾಯನಗಳು ಏರಿರಲಿಲ್ಲ, ಇಳಿದಿದ್ದವು. ಅಂದರೆ ಒತ್ತಡವೆಂದೊಡನೆ ಆಕ್ಟೊಪಮೀನ್ ಏರಲೇಬೇಕೆಂಬ ನಿಯಮವಿಲ್ಲ. ಕೀಟ ಯಾವುದು, ಒತ್ತಡ ಎಂಥದು, ಅಳೆದದ್ದು ಯಾವ ಗಳಿಗೆಯಲ್ಲಿ ಎಂಬುದರ ಮೇಲೆ ಅದು ನಿಂತಿದೆ. ನೊಣದ ತೀರ್ಮಾನ ಬದಲಾಯಿತೆಂಬುದನ್ನು ಈ ಪ್ರಯೋಗ ತೋರಿಸುತ್ತದೆ; ಅದು ನಾವು ಅನುಭವಿಸುವಂಥ ಭಯವೇ ಎಂದು ಹೇಳಲು ಇಷ್ಟು ಸಾಲದು.